ಕಂಕುಳಲ್ಲಿ ಇಸ್ತ್ರಿಪೆಟ್ಟಿಗೆ

ಇಸ್ತ್ರಿ ಅಂಗಡಿಯ ಕೆಲಸದವನು ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದು ಮೊದಲ ತುತ್ತು ಎತ್ತಿದ್ದ. ಅಷ್ಟರಲ್ಲಿ ಪಕ್ಕದ ಮನೆಯ ಮೇಷ್ಟ್ರು ಬಂದು ಕೂತರು. ನಿವೃತ್ತರಾದ ಮೇಲೆ ಅವರು ಬೀದಿಯ ಜನಕ್ಕೆಲ್ಲ ತತ್ವಶಾಸ್ತ್ರ ಕಲಿಸುವ ಪಣ ತೊಟ್ಟಿದ್ದರು. ಶುಲ್ಕವಿಲ್ಲ, ಬಿಡುಗಡೆಯೂ ಇಲ್ಲ.

“ನಿನಗೆ ಖಂಡಿತವಾಗಿ ಗೊತ್ತಿರೋದು ಒಂದು ಹೇಳಯ್ಯ.”

“ಇಸ್ತ್ರಿಪೆಟ್ಟಿಗೆ ಆರಿಸಿ ಬಂದಿದ್ದೀನಿ ಮೇಷ್ಟ್ರೇ. ಅಷ್ಟು ಗೊತ್ತು.”

“ಗೊತ್ತೋ, ನಂಬಿಕೆಯೋ?”

“ಸ್ವಿಚ್ಚು ಒತ್ತಿದ್ದು ನೆನಪಿದೆಯಲ್ಲ.”

“ದಿನಾ ಒತ್ತೋ ಸ್ವಿಚ್ಚು. ಆ ನೆನಪು ಇವತ್ತಿನದೋ, ನಿನ್ನೇದೋ?”

ಎತ್ತಿದ ತುತ್ತನ್ನು ತಟ್ಟೆಗೇ ಹಾಕಿದ. ಅಂಗಡಿಯ ಮೇಜಿನ ಮೇಲೆ ವಕೀಲರ ಕರಿ ಕೋಟು ಹಾಸಿಟ್ಟು ಬಂದಿದ್ದ. ಹೋದ ವಾರ ಯಾರದೋ ರೇಷ್ಮೆ ಅಂಗಿ ಸುಟ್ಟಾಗ ಯಜಮಾನರು, “ಇನ್ನೊಂದು ಸಲ ಎಡವಟ್ಟಾದ್ರೆ ಬೇರೆ ಕಡೆ ಕೆಲಸ ನೋಡ್ಕೋ” ಅಂದಿದ್ದರು. ಕೂಗಾಡಿದ್ದರೆ ಮರೆತುಬಿಡುತ್ತಿದ್ದ. ಅವರು ಮೆಲ್ಲಗೆ ಹೇಳಿದ್ದರು.

ಹೆಂಡತಿ ತಡೆಯುವಷ್ಟರಲ್ಲಿ ಬೀದಿಗಿಳಿದು ಓಡತೊಡಗಿದ್ದ. ಮೇಷ್ಟ್ರು ಹಿಂದೆ. ಎದುರು ಮನೆಯ ಅಕ್ಕ ಕಿಟಕಿಯಿಂದಲೇ, “ಅಂಗಡಿಗೆ ಬೆಂಕಿಯಾ? ನಾನಾಗಲೇ ಅಂದ್ಕೊಂಡೆ, ಹೊಗೆ ವಾಸನೆ ಬರ್ತಿತ್ತು” ಅಂದಳು. ಅವನು ಇನ್ನೂ ಜೋರಾಗಿ ಓಡಿದ.

ಬೀಗ ತೆಗೆದು ನುಗ್ಗಿದರೆ ಕೋಟು ಮಲಗಿದ ಮಗುವಿನ ಹಾಗೆ ನೆಮ್ಮದಿಯಾಗಿತ್ತು. ಪೆಟ್ಟಿಗೆ ಮುಟ್ಟಿದ. ತಣ್ಣಗಿತ್ತು.

ಮೇಷ್ಟ್ರು ಗೋಡೆಯ ದೀಪದ ಸ್ವಿಚ್ಚು ಒತ್ತಿ ನೋಡಿದರು. ಹತ್ತಲಿಲ್ಲ. “ಕರೆಂಟೇ ಇಲ್ಲ. ತಣ್ಣಗಿದೆ ಅಂದ ಮಾತ್ರಕ್ಕೆ ನೀನು ಆರಿಸಿದ್ದೆ ಅಂತಾಗಲ್ಲ.”

“ಹಾಳಾಗಲಿ, ಪ್ಲಗ್ಗೇ ಕೀಳ್ತೀನಿ.”

“ಕೀಳು. ಮನೆಗೆ ಹೋದ ಮೇಲೆ ಅದೂ ಬರೀ ನೆನಪೇ ತಾನೆ?”

ಬಡಪಾಯಿ ಪ್ಲಗ್ ಕಿತ್ತು, ಪೆಟ್ಟಿಗೆಯನ್ನೇ ಕಂಕುಳಲ್ಲಿ ಇರುಕಿಕೊಂಡು ಹೊರಟ. ವಯರು ಬಾಲದ ಹಾಗೆ ಹಿಂದೆ ಎಳೆದುಕೊಂಡು ಬಂತು. “ಕಣ್ಣೆದುರಿಗೇ ಇರ್ಲಿ. ನೆನಪಿನ ಹಂಗೇ ಬೇಡ.”

“ಇದಪ್ಪಾ ಯೋಚನೆ ಮಾಡೋದು ಅಂದ್ರೆ” ಎಂದು ಮೇಷ್ಟ್ರು ಕಣ್ಣೊರೆಸಿಕೊಂಡರು.

ತಟ್ಟೆಯ ಪಕ್ಕ ಪೆಟ್ಟಿಗೆಯನ್ನು ನೆಂಟನ ಹಾಗೆ ಕೂರಿಸಿಕೊಂಡು ಉಣ್ಣತೊಡಗಿದ. ಹೆಂಡತಿ ಸಾರು ಬಡಿಸುತ್ತಾ ಕೇಳಿದಳು: “ಬರೋವಾಗ ಬೀಗ ಹಾಕಿದ್ರಾ?”

ಕೈ ನಿಂತಿತು. ಮೇಷ್ಟ್ರು ಬಾಯಿ ತೆರೆದರು.

“ಬೇಡಿ ಮೇಷ್ಟ್ರೇ. ಹಾಕಿರ್ತೀನಿ. ಎಲ್ಲದಕ್ಕೂ ಅನುಮಾನಪಟ್ರೆ ಅನ್ನ ಆರಿಹೋಗತ್ತೆ.”

“ನಾಳೆಯ ಪಾಠವೇ ಅದು” ಅಂದರು ಮೇಷ್ಟ್ರು. “ನೀನಾಗೇ ಕಲಿತುಬಿಟ್ಟೆ.”

ಆ ಖುಷಿಗೆ ಇನ್ನೊಂದು ಸಲ ಅನ್ನ ಹಾಕಿಸಿಕೊಂಡ.

ತಿರುಗಿ ಹೋದಾಗ ಅಂಗಡಿಯ ಬಾಗಿಲು ಹಾರುಹೊಡೆದಿತ್ತು. ಬೀಗ ಚಿಲಕದಲ್ಲೇ ತೂಗಾಡುತ್ತಿತ್ತು, ಕೀಲಿಯ ಸಮೇತ. ಒಳಗೆ ಯಜಮಾನರು, ಅವರ ಪಕ್ಕ ಒಬ್ಬ ಪೊಲೀಸಿನವನು. ಮೇಜು ಬರಿದಾಗಿತ್ತು.

“ಕೋಟು?” ಅಂದ.

“ವಕೀಲರು ಕಾದು ಕಾದು, ಸುಕ್ಕು ಕೋಟನ್ನೇ ಹಾಕ್ಕೊಂಡು ಹೋದ್ರು. ಬಾಗಿಲು ತೆರೆದಿತ್ತು, ಇಸ್ತ್ರಿಪೆಟ್ಟಿಗೆ ಇರಲಿಲ್ಲ. ಕಳ್ಳತನ ಅಂತ ಇವರನ್ನ ಕರೆಸಿದೆ.”

ಪೊಲೀಸಿನವನ ಕಣ್ಣು ಇವನ ಕಂಕುಳಲ್ಲಿದ್ದ ಪೆಟ್ಟಿಗೆಯ ಮೇಲೇ ನೆಟ್ಟಿತ್ತು.

ಏದುಸಿರು ಬಿಡುತ್ತಾ ಮೇಷ್ಟ್ರು ಬಂದರು. “ಸ್ವಲ್ಪ ಇರಿ. ಪೆಟ್ಟಿಗೆ ಇವನ ಹತ್ತಿರ ಇದೆ ಅಂದ ಮಾತ್ರಕ್ಕೆ ಇವನೇ ಕಳ್ಳ ಅನ್ನೋದು ಬರೀ ನಂಬಿಕೆ.”

“ಕಳ್ಳ ಅಂತ ನಾನೂ ನಂಬಲ್ಲ ಮೇಷ್ಟ್ರೇ” ಅಂದರು ಯಜಮಾನರು, ಮೆಲ್ಲಗೆ. “ನಾಳೆಯಿಂದ ಇವನು ಇಲ್ಲಿ ಕೆಲಸಕ್ಕೆ ಬರಲ್ಲ. ಅದು ಮಾತ್ರ ಗೊತ್ತು.”