ಟ್ರೌಟ್ ಕೊಳದ ಮೂರನೆಯ ಕರೆ

ಕರಾವಳಿಯಲ್ಲಿ ಹುಟ್ಟಿದವನಿಗೆ ಮೀನಿನ ವಿಷಯದಲ್ಲಿ 'ನನಗೆ ಗೊತ್ತಿಲ್ಲ' ಎಂದು ಹೇಳುವುದು ಬಹಳ ಕಷ್ಟ. ಡಾಕ್ಟರ ಮುಂದೆ ಸಿಗರೇಟು ಒಪ್ಪಿಕೊಂಡಿದ್ದೇನೆ, ಪಾದ್ರಿಗಳ ಮುಂದೆ ಪಾಪ ಒಪ್ಪಿಕೊಂಡಿದ್ದೇನೆ. ಮೀನು ಹಿಡಿಯಲು ಬರುವುದಿಲ್ಲ ಎಂದು ಮಾತ್ರ ಈ ಐವತ್ತೆರಡು ವರ್ಷಗಳಲ್ಲಿ ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ. ನಿಜ ಹೇಳಬೇಕೆಂದರೆ ನನ್ನ ಮೀನುಗಾರಿಕೆಯೆಲ್ಲ ಊಟದ ತಟ್ಟೆಯಲ್ಲೇ ನಡೆದದ್ದು. ಬಂಗುಡೆಯ ಮುಳ್ಳನ್ನು ಕಣ್ಣು ಮುಚ್ಚಿ ಬಿಡಿಸಬಲ್ಲೆ, ಅಷ್ಟೆ.

ದುಬೈಯ ಅಲ್ ಕೂಜಿನ ಒಂದು ಏಸಿ ವರ್ಕ್‌ಶಾಪಿನಲ್ಲಿ ನಾನು ಸೂಪರ್‌ವೈಸರ್. ಹತ್ತಾ ಎಂಬ ಊರಿಗೆ ಹೋಗುವ ದಾರಿಯಲ್ಲಿ ನಮ್ಮ ಗಿರಾಕಿಯೊಬ್ಬರ ತೋಟವಿದೆ. ಆ ಅರಬ್ಬಿ ಯಜಮಾನರು ವಿಲಾಯಿತಿಯಲ್ಲಿ ಓದುವಾಗ ಟ್ರೌಟ್ ಮೀನು ಹಿಡಿಯುವ ಹುಚ್ಚು ಹತ್ತಿಸಿಕೊಂಡು ಬಂದವರು. ಟ್ರೌಟಿಗೆ ತಣ್ಣೀರೇ ಬೇಕು. ಮರಳುಗಾಡಿನಲ್ಲಿ ಕೊಳ ತೋಡಿಸಿ, ನೀರು ತಣ್ಣಗಿಡುವ ಚಿಲ್ಲರ್ ಹಾಕಿಸಿ, ಚಳಿಗಾಲಕ್ಕೆ ಮೀನು ತರಿಸಿ ಬಿಟ್ಟರು. ನಾನು ಈ ದೇಶಕ್ಕೆ ಬಂದ ಹೊಸತರಲ್ಲಿ ಏಸಿ ಕೆಟ್ಟ ರೂಮಿನಲ್ಲಿ ಎಂಟು ಜನರೊಡನೆ ಬೆವರಿದವನು. ಇಲ್ಲಿ ಮೀನಿಗೆ ಹಗಲೂ ರಾತ್ರಿ ಏಸಿ. ಚಿಲ್ಲರ್ ರಿಪೇರಿ ಮುಗಿದ ದಿನ ಅವರು ಖುಷಿಯಾಗಿ, ನಿಮ್ಮ ಊರಿನವರಿಗೆ ಮೀನು ಹಿಡಿಯಲು ಬರುತ್ತದಲ್ಲವೇ ಎಂದು ಕೇಳಿದರು. ಹುಟ್ಟಿದ್ದೇ ಗಾಳ ಹಿಡಿದುಕೊಂಡು ಎಂದುಬಿಟ್ಟೆ. ಹಾಗಾದರೆ ಭಾನುವಾರ ಬನ್ನಿ ಎಂದರು.

ಇಗರ್ಜಿಯ ಭಾನುವಾರದ ಪೂಜೆ ತಪ್ಪಿಸಿ, ಹಮೀದನನ್ನು ಜೊತೆಗೆ ಕರೆದುಕೊಂಡು ಹೊರಟೆ. ಹಮೀದ್ ನಮ್ಮ ವರ್ಕ್‌ಶಾಪಿನ ಟೆಕ್ನೀಷಿಯನ್, ಉಪ್ಪಿನಂಗಡಿ ಕಡೆಯವನು, ಡಿಸ್ಕವರಿ ಗಾರ್ಡನ್ಸ್ ಬಡಾವಣೆಯಲ್ಲಿ ನಮ್ಮ ಮೇಲಿನ ಮನೆಯವನು. ನನ್ನ ಹೆಸರು ವಿಲ್ಲಿ, ಆದರೆ ಊರಿನ ರೂಢಿಯಂತೆ ಕ್ರಿಸ್ತುವನಾದ ನಾನು ಅವನಿಗೆ 'ಪೊರ್ಬು', ಮುಸ್ಲಿಮನಾದ ಅವನು ನನಗೆ 'ಬ್ಯಾರಿ'. ಯಜಮಾನರು ಇರಲಿಲ್ಲ. ಕಾವಲುಗಾರ ಗೇಟು ತೆಗೆದು, ಇಬ್ಬರಿಗೂ ಎದೆಯವರೆಗೆ ಬರುವ ರಬ್ಬರ್ ಪ್ಯಾಂಟು, ಉದ್ದದ ರಾಡು, ಬಲೆ ಎಲ್ಲ ಕೊಟ್ಟು ತನ್ನ ಕೋಣೆಗೆ ಹೋದ. ಗಾಳದ ತುದಿಯಲ್ಲಿ ಹುಳುವಿಲ್ಲ, ಸಿಗಡಿಯಿಲ್ಲ; ನೊಣದ ಹಾಗೆ ಕಟ್ಟಿದ ಗರಿ. "ಇದೆಂತ ಪೊರ್ಬುಗಳೇ, ಮೀನಿಗೆ ಟೋಪಿ ಹಾಕುದಾ?" ಎಂದ ಹಮೀದ್. ಈ ಗರಿಯನ್ನು ತಲೆಯ ಹಿಂದಿನಿಂದ ಬೀಸಿ ನೀರಿನ ಮೇಲೆ ಮೆಲ್ಲಗೆ ಇಳಿಸಬೇಕು. ನಾನು ಬೀಸಿದ ಮೊದಲ ಏಟಿಗೆ ಹಮೀದನ ಟೋಪಿ ಬಂತು, ಎರಡನೆಯದಕ್ಕೆ ಅಂಗಿಯ ಕಾಲರು. "ನನಿಗೆ ಇರುದು ಎರಡೇ ಕಣ್ಣು ಮಾರಾಯ್ರೇ" ಎಂದು ಅವನು ಕೊಳದ ಆಚೆ ತುದಿಗೆ ಹೊರಟುಹೋದ.

ಅಷ್ಟರಲ್ಲಿ ಮಂಜು ಇಳಿಯಿತು. ಇಲ್ಲಿಯ ಜನವರಿಯ ಮಂಜು ಗೊತ್ತಿದ್ದವರಿಗೆ ಗೊತ್ತು. ಕೈ ಚಾಚಿದರೆ ಬೆರಳು ಕಾಣುವುದಿಲ್ಲ. ಮೊದಲು ಹಮೀದ್ ಮಾಯವಾದ, ಆಮೇಲೆ ಕೊಳ, ಕೊನೆಗೆ ನನ್ನ ರಾಡಿನ ತುದಿ. ಚಿಲ್ಲರ್ ಒಂದೇ ಸಮನೆ ಗುಂಯ್‌ಗುಟ್ಟುತ್ತಿದ್ದದ್ದೇ ಧೈರ್ಯ. ಅದೂ ಒಮ್ಮೆಲೇ ನಿಂತಿತು. ನಾನೇ ರಿಪೇರಿ ಮಾಡಿ ಸಹಿ ಹಾಕಿದ ಚಿಲ್ಲರ್. ಆ ನಿಶ್ಶಬ್ದದಲ್ಲಿ ಯಾರೋ ಕರೆದರು, "ಪೊರ್ಬೂ..."

ದನಿ ಹಮೀದನದೇ ಇರಬೇಕು. ಆದರೆ ಅವನು ಹೋದ ದಿಕ್ಕಿನಿಂದ ಬರಲಿಲ್ಲ, ನನ್ನ ಬೆನ್ನ ಹಿಂದಿನಿಂದ ಬಂದ ಹಾಗಿತ್ತು. ನಮ್ಮ ಅಜ್ಜಿ ನಮ್ಮನ್ನು ಬೆಳೆಸಿದ್ದೇ ಒಂದು ಕಟ್ಟಳೆಯ ಮೇಲೆ: ಕಣ್ಣಿಗೆ ಕಾಣದವರು ಕರೆದರೆ ಓಗೊಡಬಾರದು. ಮನುಷ್ಯರಾದರೆ ಮೂರು ಸಲ ಕರೆಯುತ್ತಾರೆ. ಮನುಷ್ಯರಲ್ಲದ ಬೇರೆಯದಾದರೆ ಅದಕ್ಕೆ ಮೂರನೆಯ ಸಲ ನಾಲಗೆ ಏಳುವುದಿಲ್ಲ. ಮೂವತ್ತು ವರ್ಷ ದುಬೈಯಲ್ಲಿದ್ದು, ಲಿಫ್ಟಿನಲ್ಲಿ ಓಡಾಡಿ, ಮೊಬೈಲಿನಲ್ಲಿ ವೀಸಾ ನವೀಕರಿಸಿಕೊಂಡ ನಾನು ಬಾಯಿ ಬಿಗಿದು ನಿಂತೆ. ಸ್ವಲ್ಪ ಹೊತ್ತಿಗೆ ಮತ್ತೆ, "ಪೊರ್ಬೂ..." ಈ ಸಲ ಇನ್ನೂ ಸಣ್ಣಗೆ. ಎರಡಾಯಿತು ಎಂದು ಲೆಕ್ಕ ಹಾಕಿದೆ. ಜೇಬಿನ ಜಪಮಾಲೆಗೆ ಕೈ ಹಾಕಲು ಹೋದರೆ ರಬ್ಬರ್ ಪ್ಯಾಂಟು ಬಿಡಲಿಲ್ಲ. ಮೂರನೆಯದಕ್ಕೆ ಕಾದೆ. ಎಷ್ಟು ಹೊತ್ತೋ ಗೊತ್ತಿಲ್ಲ. ಕಾಲು ಮರಗಟ್ಟುವಷ್ಟು ಹೊತ್ತು.

ಆಮೇಲೆ ಕಿವಿಯ ಪಕ್ಕದಲ್ಲೇ, ಮೆತ್ತಗೆ, "ಬೊಬ್ಬೂ, ಹಾಂಗಾ ಯೇ" ಎಂದಿತು.

ಇಲ್ಲಿ ಬಾ ಎನ್ನುವ ಕೊಂಕಣಿ ಅದು. ಮಗುವಾಗಿದ್ದಾಗ ನಾನು ವಿಪರೀತ ಬೊಬ್ಬೆ ಹಾಕುತ್ತಿದ್ದೆನೆಂದು ಅಜ್ಜಿ ಇಟ್ಟ ಹೆಸರು ಬೊಬ್ಬು. ಅಜ್ಜಿ ತೀರಿಹೋದ ಮೇಲೆ ಆ ಹೆಸರಿನಿಂದ ನನ್ನನ್ನು ಕರೆದವರಿಲ್ಲ. ನನ್ನ ಹೆಂಡತಿಗೂ ಅದು ಗೊತ್ತಿಲ್ಲ. ಆದರೆ ಮೂರಾಯಿತಲ್ಲ. ಕಾಲು ತಾನಾಗಿ ದನಿ ಬಂದ ಕಡೆಗೆ ಹೊರಟಿತು.

ಹತ್ತಿಪ್ಪತ್ತು ಹೆಜ್ಜೆಗೆ ಹಮೀದ್ ಸಿಕ್ಕಿದ. ಮಂಜಿನಲ್ಲಿ ದಾರಿ ತಪ್ಪಿ, ನೀರು ಹೊರಹೋಗುವ ಗುಂಡಿಯ ಕೆಸರಿನಲ್ಲಿ ಕಾಲು ಹೂತು, ರಬ್ಬರ್ ಪ್ಯಾಂಟಿನೊಳಗೆ ನೀರು ತುಂಬಿ, ಗಲ್ಲದವರೆಗೆ ಮುಳುಗಿದ್ದ. ತುಟಿ ನೀಲಿಯಾಗಿತ್ತು. ಹೊಟ್ಟೆಯ ಮೇಲೆ ಮಲಗಿ ಬಲೆಯ ಹಿಡಿ ಚಾಚಿದೆ. ಕೂಗಿ ಕೂಗಿ ಕಾವಲುಗಾರನನ್ನೂ ಕರೆದೆ. ಇಬ್ಬರೂ ಸೇರಿ ಎಳೆದು ಹಾಕಿದೆವು. ಕಂಬಳಿ ಹೊದ್ದು ಎರಡು ಲೋಟ ಹಾಲಿಲ್ಲದ ಸುಲೈಮಾನಿ ಚಹಾ ಕುಡಿದ ಮೇಲೆ ಹಮೀದನಿಗೆ ಮಾತು ಬಂತು.

"ಎರಡು ಸಲ ಕರ್ದೆ ಪೊರ್ಬುಗಳೇ. ಮತ್ತೆ ಸ್ವರವೇ ಬರ್ಲಿಲ್ಲ. ಖಲಾಸ್ ಅಂತ ಎಣಿಸಿದೆ."

"ಮೂರನೇದು?" ಎಂದೆ.

"ಮೂರನೇದು ಎಲ್ಲಿ ಉಂಟು? ಬಾಯಿಯೇ ತೆರಿಲಿಕ್ಕೆ ಆಗ್ಲಿಲ್ಲ."

ಹಮೀದನಿಗೆ ಬರುವ ಕೊಂಕಣಿ ಎರಡು ಬೈಗುಳ, ಅವನ್ನೂ ನಾನೇ ಕಲಿಸಿದ್ದು. ಕಾವಲುಗಾರ ಪೇಶಾವರದವನು. "ನಿಮಗೆ ಯಾವಾಗ ಕೇಳಿತು?" ಎಂದು ಹಮೀದ್ ಕೇಳಿದಾಗ, "ಕೇಳಿದ ಕೂಡಲೇ ಓಡಿ ಬಂದೆ ಮಾರಾಯ" ಎಂದೆ.

ಈಗ ಡಿಸ್ಕವರಿ ಗಾರ್ಡನ್ಸಿನಲ್ಲಿ ನಾನು ದೊಡ್ಡ ಮನುಷ್ಯ. ಹಮೀದನ ಹೆಂಡತಿ ಝೀನತ್ ಪ್ರತಿ ಶುಕ್ರವಾರ ಬಿರಿಯಾನಿ ಕಳಿಸುತ್ತಾಳೆ. "ವಿಲ್ಲಿಯಣ್ಣ ಒಂದೇ ಕರೆಗೆ ಬಂದ್ರು, ಇಲ್ಲದಿದ್ರೆ ನನ್ನ ಮಕ್ಕಳ ಗತಿ ಎಂತ?" ಎಂದು ಕಂಡಕಂಡವರಿಗೆ ಹೇಳಿ ಕಣ್ಣೊರೆಸಿಕೊಳ್ಳುತ್ತಾಳೆ. ಮೂರನೆಯ ಕರೆ ಯಾರದೆಂದು ನೆನೆದಾಗ ನನಗೆ ಹೆದರಿಕೆಯಾಗುತ್ತದೆ, ನಿಜ. ಆದರೆ ಅದು ಯಾರೇ ಆಗಿರಲಿ, ಸಾಯುವವನನ್ನು ಕೈಬಿಡಲಿಲ್ಲ. ಮಂಜಿನೊಳಗೆ ನಿಂತು, ಕರೆ ಕೇಳಿಯೂ ಬಾಯಿ ಬಿಡದೆ, ಒಂದು ಎರಡು ಎಂದು ಎಣಿಸುತ್ತಿದ್ದದ್ದು ನಾನು. ಶುಕ್ರವಾರದ ಬಿರಿಯಾನಿಯನ್ನು ಮಾತ್ರ ಎರಡು ಸಲ ಬಡಿಸಿಕೊಂಡು ತಿನ್ನುತ್ತೇನೆ.