ಲಂಡನ್‌ನಿಂದ ರೋಮ್‌ಗೆ ಮಾವನವರ ಜೊತೆ

‘ಎಷ್ಟು ದೂರ, ಎಷ್ಟು ಹೊತ್ತು’ ಅನ್ನೋ ಮಾತು ನಮ್ಮ ಮನೆಯಲ್ಲಿ ಎದ್ದರೆ ಸಾಕು, ಏನಾದರೊಂದು ತಮಾಷೆ ಆಗದೆ ಮುಗಿಯೋದಿಲ್ಲ. ಆ ವರ್ಷ ಮೈಸೂರಿನಿಂದ ಅತ್ತೆ ಮಾವ ಈ ಪುಟ್ಟ ದ್ವೀಪದೇಶಕ್ಕೆ, ಕ್ಲೆಮೆಂಟಿಯ ನಮ್ಮ ಫ್ಲ್ಯಾಟಿಗೆ ಬಂದಿದ್ದರು. ಎಲ್ಲರೂ ಸೇರಿ ಲಂಡನ್‌ಗೆ ಹೋಗೋಣ, ಅಲ್ಲಿಂದ ರೋಮ್ ನೋಡಿಕೊಂಡು ಬರೋಣ ಅಂತ ನನ್ನ ಗಂಡ ಪ್ಲಾನ್ ಹಾಕಿದರು.

೧. ಹತ್ತಿರದ ಊರು

ಅತ್ತೆ ಕೇಳಿದರು, “ಲಂಡನ್ನಿಗೂ ರೋಮ್‌ಗೂ ಎಷ್ಟು ದೂರನೋ?”

“ಸಾವಿರದ ನಾನೂರು ಕಿಲೋಮೀಟರ್ ಅಮ್ಮ.”

ಅತ್ತೆ ಗಾಬರಿಯಾದರು. ಇಲ್ಲೇ ಹುಟ್ಟಿ ಬೆಳೆದ ನಮ್ಮ ಆರು ವರ್ಷದ ಮಗಳಿಗೆ ಕಿಲೋಮೀಟರ್ ಲೆಕ್ಕವೇ ಇಲ್ಲ, ಎಲ್ಲಾ ಎಂಆರ್‌ಟಿ ರೈಲಿನ ಲೆಕ್ಕ. “ಅಪ್ಪಾ, ಎಷ್ಟು ಸ್ಟಾಪ್?”

“ಮಧ್ಯೆ ಎಲ್ಲೂ ನಿಲ್ಲಲ್ಲ ಪುಟ್ಟಿ. ಡೈರೆಕ್ಟ್.”

ಅವಳು ಅಜ್ಜಿಯ ಕೆನ್ನೆ ಸವರಿ, ಇಲ್ಲಿಯವರ ಹಾಗೆ ಮಾತಿನ ಕೊನೆಗೆ ‘ಲಾ’ ಸೇರಿಸಿ ಸಮಾಧಾನ ಹೇಳಿದಳು, “ಒಂದೇ ಸ್ಟಾಪ್ ಅಜ್ಜಿ. ನಮ್ಮನೆಯಿಂದ ಬ್ಯೂನಾ ವಿಸ್ಟಾಗೇ ಎರಡು ಸ್ಟಾಪ್. ರೋಮ್ ಹತ್ತಿರ ಲಾ!”

೨. ಬಾಸ್ ಕಷ್ಟ

ರಾಫೆಲ್ಸ್ ಪ್ಲೇಸ್‌ನ ನಮ್ಮ ಆಫೀಸಿನಲ್ಲಿ ರಜೆ ಕೇಳಿದೆ. ನಮ್ಮ ಬಾಸ್ ಇಲ್ಲಿಯವರೇ. ಲಂಡನ್‌ನಿಂದ ರೋಮ್‌ಗೆ ವಿಮಾನದಲ್ಲಿ ಎರಡೂವರೆ ಗಂಟೆ ಅಂದದ್ದಕ್ಕೆ ಕಣ್ಣರಳಿಸಿದರು.

“ಎರಡೂವರೆ ಗಂಟೆನಾ? ನಮ್ಮಮ್ಮ ಚಾಂಗಿ ಕಡೆ ಇದ್ದಾರೆ, ನಮ್ಮನೆಯಿಂದ ಒಂದು ಗಂಟೆ. ಅಷ್ಟು ದೂರ ಅಂತ ನಾನು ಹೊಸ ವರ್ಷಕ್ಕೆ ಮಾತ್ರ ಹೋಗೋದು!”

೩. ಫಾಸ್ಟ್ ಫ್ಲೈಟ್

ಟಿಕೆಟ್ ಬುಕ್ ಮಾಡೋವಾಗ ಮಾವ ಕನ್ನಡಕ ಏರಿಸಿಕೊಂಡು ಪಕ್ಕದಲ್ಲೇ ಕೂತರು. ಹೋಗೋ ಫ್ಲೈಟ್ ಲಂಡನ್ ಬಿಡೋದು ಹತ್ತಕ್ಕೆ, ರೋಮ್ ಸೇರೋದು ಹನ್ನೆರಡೂವರೆಗಲ್ಲ, ಒಂದೂವರೆಗೆ. ಬರೋ ಫ್ಲೈಟ್ ಹತ್ತಕ್ಕೆ ಬಿಟ್ಟರೆ ಹನ್ನೊಂದೂವರೆಗೇ ಲಂಡನ್.

“ರೋಮ್ ಗಡಿಯಾರ ಒಂದು ಗಂಟೆ ಮುಂದೆ ಇರುತ್ತಪ್ಪಾ” ಅಂತ ನನ್ನ ಗಂಡ ಚಿತ್ರ ಬರೆದು ವಿವರಿಸಿದರು. ಮಾವ ತಾಳ್ಮೆಯಿಂದ ಎಲ್ಲಾ ಕೇಳಿಸಿಕೊಂಡರು.

“ಅದೆಲ್ಲ ಸರಿ. ಬರೋ ಫ್ಲೈಟೇ ಫಾಸ್ಟ್ ಅಲ್ವೇನೋ? ಹೋಗೋದಕ್ಕೂ ಅದನ್ನೇ ಬುಕ್ ಮಾಡು.”

೪. ಇನ್ನೊಂದು ರೌಂಡ್

ಆ ವಿಮಾನದಲ್ಲಿ ಊಟ ಕೊಡೋದಿಲ್ಲ ಅಂತ ಗೊತ್ತಾಗಿ ಅತ್ತೆ ಲಂಡನ್‌ನಲ್ಲೇ ಚಪಾತಿ ಪಲ್ಯ ಮಾಡಿ ಡಬ್ಬಿಗೆ ಹಾಕಿದ್ದರು. ಮಾವ ಸೀಟಿನಲ್ಲಿ ಕೂತವರೇ ನಿದ್ದೆಹೋದರು. ಎಚ್ಚರವಾದ ಮೇಲೆ ಶುಗರ್ ಮಾತ್ರೆ ನುಂಗಿ, ಡಬ್ಬಿ ಮುಚ್ಚಳ ತೆಗೆದರು. ಅಷ್ಟರಲ್ಲೇ, ವಿಮಾನ ಇಳಿಯುತ್ತಿದೆ ಅಂತ ಅನೌನ್ಸ್ ಮಾಡಿದರು.

ಗಗನಸಖಿ ಬಂದು ಮುಂದಿನ ಟ್ರೇ ಮಡಚಿ ಅಂದಳು. ಅತ್ತೆಗೆ ಕಣ್ಣಲ್ಲಿ ನೀರೇ ಬಂತು, ನನ್ನ ಕೈ ಹಿಡಿದರು. “ಮಾತ್ರೆ ನುಂಗಿ ಆಗಿದೆ ಕಣೇ. ತಿನ್ನದಿದ್ರೆ ಇವರಿಗೆ ತಲೆ ಸುತ್ತುತ್ತೆ.”

“ತೊಡೆ ಮೇಲಿಟ್ಕೊಂಡು ಬೇಗ ತಿಂದುಬಿಡಿ ಮಾವ” ಅಂದೆ.

“ಬೇಗ ತಿನ್ನೋದು ನನಗೆ ಬರಲ್ಲಮ್ಮ” ಅಂದು ಮಾವ ಗಗನಸಖಿಯ ಕಡೆ ತಿರುಗಿ, ಬಹಳ ಮರ್ಯಾದೆಯಿಂದ ಹೇಳಿದರು, “ಮೇಡಂ, ಪ್ಲೀಸ್ ಟೆಲ್ ಡ್ರೈವರ್. ಒನ್ ಮೋರ್ ರೌಂಡ್.”

ನನ್ನ ಗಂಡ ನಾಚಿಕೆಯಿಂದ ಕಿಟಕಿಯಾಚೆ ನೋಡಿದರು. ಅವಳು ನಗು ತಡೆದುಕೊಂಡು ಮುಂದೆ ಹೋದಳು. ಮಾವ ತೊಡೆ ಮೇಲೆ ಡಬ್ಬಿಯಿಟ್ಟುಕೊಂಡು ಮೊದಲ ತುತ್ತು ಬಾಯಿಗಿಟ್ಟಿದ್ದರು, ಪೈಲಟ್ ದನಿ ಕೇಳಿಸಿತು. ಕೆಳಗೆ ರನ್‌ವೇ ಖಾಲಿಯಿಲ್ಲವಂತೆ, ರೋಮ್ ಮೇಲೆ ಒಂದು ಸುತ್ತು ಹಾಕಬೇಕಂತೆ.

ವಿಮಾನ ನಿಧಾನವಾಗಿ ಓರೆಯಾಗಿ ತಿರುಗಿತು. ಮಾವ ಚಪಾತಿ ಮುರಿಯುತ್ತಾ ನನ್ನ ಕಡೆ ಬಗ್ಗಿದರು.

“ಕೇಳಿದ್ರೆ ಮಾಡ್ತಾರಮ್ಮ. ನೀವ್ಯಾರೂ ಕೇಳಲ್ಲ, ಅಷ್ಟೇ.”