ಗಟ್ಟಿಮೇಳಕ್ಕೆ ಟರ್ಬೊ

ಚಿಂತಾಮಣಿಯಲ್ಲಿ ಯಾರ ಮೋಟಾರು ಕೆಟ್ಟರೂ ರಿಪೇರಿ ಮಾಡಿಕೊಡುವ, ಕೆಡದಿದ್ದರೂ ಬಿಚ್ಚಿ ನೋಡುವ ಗಂಗುಲಪ್ಪ ಅಂದು ಬೆಳಿಗ್ಗೆ ಅಕ್ಕನ ಮನೆಯ ಅಂಗಳದಲ್ಲಿ ಎದೆ ಸೆಟೆಸಿ ನಿಂತಿದ್ದ. ಎದುರಿಗೆ ಮಣೆಯ ಮೇಲೆ ಅವನ ಭಾವ, ನಾಗಸ್ವರದ ಪಿಳ್ಳಪ್ಪ, ಮೂಗಿಗೆ ಅರ್ಧ ತೆಂಗಿನ ಚಿಪ್ಪು ಕಟ್ಟಿಸಿಕೊಂಡು ಕೂತಿದ್ದ. ಚಿಪ್ಪಿನಿಂದ ಹೊರಟ ರಬ್ಬರ್ ಪೈಪು ನಾಗಸ್ವರದ ಕೆಳತುದಿಯವರೆಗೂ ಇಳಿದಿತ್ತು. ಅಲ್ಲಿ ಎಣ್ಣೆ ಡಬ್ಬಿಯ ತಗಡಿನಲ್ಲಿ ಕತ್ತರಿಸಿ ಮಾಡಿದ ಒಂದು ಚಕ್ರವಿತ್ತು.

“ನೋಡು ಬಾವಾ, ಇದೇ ಟರ್ಬೊ!” ಎಂದ ಗಂಗುಲಪ್ಪ.

ಇಷ್ಟಕ್ಕೆಲ್ಲ ಕಾರಣ ಕಾರು. ಮೇಳದ ನಾಲ್ಕು ಜನರನ್ನೂ ಡೋಲನ್ನೂ ಹೊತ್ತು ಬೆಟ್ಟದ ಮೇಲಿನ ಮದುವೆಗಳಿಗೆ ಹೋಗಲು ಪಿಳ್ಳಪ್ಪ ಒಂದು ಕಾರು ಕೊಳ್ಳಬೇಕೆಂದಿದ್ದ. ಶೋರೂಮಿನವನು ಒಂದೇ ಕಾರನ್ನು ಎರಡು ಎಂಜಿನ್‌ಗಳಲ್ಲಿ ತೋರಿಸಿ, “ಮಾಮೂಲಿನದು ಬೇಕಾ, ಟರ್ಬೊ ಬೇಕಾ?” ಎಂದು ಕೇಳಿದ್ದೇ ತಡ, ಪಿಳ್ಳಪ್ಪನ ತಲೆಗೆ ಹುಳ ಬಿಟ್ಟಂತಾಯಿತು. ಕ್ಷೌರದಂಗಡಿಯಲ್ಲಿ ಕೇಳಿದ, ಬಸ್ ಡ್ರೈವರನ್ನು ಕೇಳಿದ, ಹಲ್ಲು ಕೀಳಿಸಿಕೊಳ್ಳಲು ಹೋದಾಗ ಡಾಕ್ಟರನ್ನೂ ಕೇಳಿದ. ಕೊನೆಗೆ ಸಿಕ್ಕವನು ಬಾಮೈದ!

“ಮಾಮೂಲಿ ಎಂಜಿನ್ನು ತನಗೆ ಬೇಕಾದಷ್ಟು ಗಾಳೀನ ತಾನೇ ಎಳ್ಕೊಳ್ಳುತ್ತೆ. ಟರ್ಬೊ ಹಂಗಲ್ಲ. ಹೊರಕ್ಕೆ ಹೋಗೋ ಹೊಗೆ ಒಂದು ಚಕ್ರ ತಿರುಗಿಸ್ತದೆ, ಆ ಚಕ್ರ ಇನ್ನಷ್ಟು ಗಾಳೀನ ಒಳಕ್ಕೆ ತುರುಕ್ತದೆ.”

“ಅಂದ್ರೆ ಬಿಟ್ಟ ಉಸಿರೇ ಹೊಸ ಉಸಿರನ್ನ ತಳ್ಳುತ್ತಾ? ಎಷ್ಟು ತಳ್ಳುತ್ತೆ? ಎದೆ ಒಡೆಯಲ್ವಾ?” ಪಿಳ್ಳಪ್ಪನ ಕಣ್ಣು ಅರಳಿತ್ತು. ಉಸಿರಿನಲ್ಲೇ ಅನ್ನ ತಿಂದವನಿಗೆ ಇದಕ್ಕಿಂತ ಸ್ವಾರಸ್ಯದ ಮಾತು ಬೇರೇನಿದೆ?

ಆದರೆ ಅವನ ಕುತೂಹಲದ ಅಡಿಯಲ್ಲಿ ಒಂದು ಭಯವೂ ಕೂತಿತ್ತು. ಹೋದ ತಿಂಗಳು ಒಂದು ಮದುವೆಯಲ್ಲಿ ಗಟ್ಟಿಮೇಳದ ನಡುವೆ ಅವನ ಉಸಿರು ಕಡಿದಿತ್ತು. ಡೋಲಿನ ಚೌಡಪ್ಪ ಜೋರಾಗಿ ಬಾರಿಸಿ ಮುಚ್ಚಿಹಾಕಿದ, ಯಾರಿಗೂ ತಿಳಿಯಲಿಲ್ಲ. ಪಿಳ್ಳಪ್ಪನಿಗೆ ತಿಳಿದಿತ್ತಲ್ಲ! ಐವತ್ತೆಂಟಾಯಿತು, ಇನ್ನು ನಾಗಸ್ವರವನ್ನು ಗೋಡೆಗೆ ನೇತುಹಾಕುವುದೇನೋ ಎಂದು ಅವನಿಗೆ ನಿಜಕ್ಕೂ ಹೆದರಿಕೆಯಾಗಿತ್ತು.

“ಊದು ಬಾವಾ!”

ಪಿಳ್ಳಪ್ಪ ಊದಿದ. ಮೊದಲು ಬಂದದ್ದು ಕೀರಲು ಸದ್ದು. ಒಂದು, ಎರಡು ಎಣಿಸುವಷ್ಟರಲ್ಲಿ ಚಕ್ರ ಗಿರ್ರೆಂದು ತಿರುಗಿತು, ಚಿಪ್ಪಿನೊಳಗೆ ಗಾಳಿ ನುಗ್ಗಿತು, ನಾಗಸ್ವರ ಮೊಳಗಿತು! ಹಗ್ಗದ ಮೇಲಿನ ಪಂಚೆ ಪಕ್ಕದ ಮನೆಯ ಸೂರಿಗೆ ಹಾರಿತು. ಮೊರದಲ್ಲಿದ್ದ ರಾಗಿ ಹೊಟ್ಟಿನ ಸಮೇತ ಬೀದಿ ಸೇರಿತು. ಅಷ್ಟರಲ್ಲಿ ಪೈಪು ಕಳಚಿಕೊಂಡು ಸದ್ದು ನಿಂತಿತು.

“ಇಪ್ಪತ್ತು ವರ್ಷದ ಹುಡುಗನ ಉಸಿರು ಕಣೋ ಗಂಗುಲಾ!” ಪಿಳ್ಳಪ್ಪನ ಕಣ್ಣಲ್ಲಿ ನೀರು. “ಆದ್ರೆ ಮೊದಲು ಎರಡು ಎಣಿಸೋವರೆಗೂ ಏನೂ ಬರಲಿಲ್ಲವಲ್ಲ, ಯಾಕೆ?”

“ಚಕ್ರ ತಿರುಗೋಕೆ ಅಷ್ಟು ಹೊತ್ತು ಬೇಕು ಬಾವಾ. ಅದು ಟರ್ಬೊದ ಗುಣ.”

ಬೀದಿಯಲ್ಲಿ ರಾಗಿ ಬಳಿಯುತ್ತಿದ್ದ ಅಕ್ಕ ಮುನಿರತ್ನಮ್ಮ ಪೊರಕೆ ಎತ್ತಿದಳು. “ಲೋ ಗಂಗುಲಾ, ತಾಳಿ ಕಟ್ಟೋ ಹೊತ್ತಲ್ಲಿ ಶಾಸ್ತ್ರಿಗಳು ಎರಡು ಎಣಿಸ್ಕೊಂಡು ಕೂತಿರ್ತಾರೇನೋ?”

“ನಿನಗೆ ವಿಜ್ಞಾನ ಗೊತ್ತಿಲ್ಲ, ಸುಮ್ನಿರಕ್ಕಾ!” ಎಂದ ಗಂಗುಲಪ್ಪ, ಮತ್ತೆ ಕಳಚದ ಹಾಗೆ ಪೈಪನ್ನು ತಂತಿಯಿಂದ ಬಿಗಿದುಕಟ್ಟಿದ.

ಭಾನುವಾರ ಕಲ್ಯಾಣಮಂಟಪ ತುಂಬಿ ತುಳುಕುತ್ತಿತ್ತು. ಮದುಮಗ ಬೆವರುತ್ತಾ, “ಎಷ್ಟು ಗಂಟು ಹಾಕಬೇಕು ಸ್ವಾಮೀ?” ಎಂದು ಮೂರನೇ ಸಲ ಕೇಳಿದ. ಬೇಸತ್ತ ಶಾಸ್ತ್ರಿಗಳು ತಾವು ಹೆದರುಪುಕ್ಕಲು ಗಂಡುಗಳಿಗೆಲ್ಲ ಹೇಳುವ ಮಾತನ್ನೇ ಹೇಳಿದರು: “ಗಟ್ಟಿಮೇಳ ನಿಲ್ಲೋವರೆಗೂ ಹಾಕ್ತಾ ಇರಪ್ಪ. ಅಷ್ಟರಲ್ಲಿ ಮೂರಾಗಿರುತ್ತೆ.”

ಮೇಳದವರ ಕಡೆ ತಿರುಗಿ ಅವರು ಬೆರಳೆತ್ತಿ ಆಡಿಸಿದರು. “ಗಟ್ಟಿಮೇಳ! ಗಟ್ಟಿಮೇಳ!”

ಗಟ್ಟಿಮೇಳ ಇರುವುದೇ ಆ ಗಳಿಗೆಯಲ್ಲಿ ಸೀನು, ಕೆಮ್ಮು, ಕೆಟ್ಟ ಮಾತು ಯಾರ ಕಿವಿಗೂ ಬೀಳಬಾರದೆಂದು. ಮೂಗಿಗೆ ಚಿಪ್ಪು ಕಟ್ಟಿಕೊಂಡಿದ್ದ ಪಿಳ್ಳಪ್ಪ ಜೀವ ಬಿಟ್ಟು ಊದಿದ. ಬಂದದ್ದು ಕೀರಲು ಸದ್ದು. ಡೋಲಿನ ಚೌಡಪ್ಪ ಕೋಲೆತ್ತಿಕೊಂಡು ನಾಗಸ್ವರಕ್ಕಾಗಿ ಕಾದ. ಒಂದು... ಎರಡು...

“ಆಕ್ಷೀ!”

ಗಂಡಿನ ಸೋದರಮಾವ ಸೀನಿದ್ದ! ಅದು ಮಂಟಪದ ಹಿಂದಿನ ಸಾಲಿನವರೆಗೂ ಸ್ಪಷ್ಟವಾಗಿ ಕೇಳಿಸಿತು. ಹೆಣ್ಣಿನ ಅಜ್ಜಿ ಎದೆ ಹಿಡಿದುಕೊಂಡಳು. ಮೂವತ್ತು ವರ್ಷದಲ್ಲಿ ಒಮ್ಮೆಯೂ ತಡವಾಗದ ಪಿಳ್ಳಪ್ಪನ ಮೇಳ ತಡವಾಗಿತ್ತು. ಅವನಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ಅಷ್ಟರಲ್ಲಿ ಟರ್ಬೊ ಬಂತು. ಶಾಸ್ತ್ರಿಗಳ ಶಲ್ಯ ಹಾರಿ ಫ್ಯಾನಿಗೆ ಸುತ್ತಿಕೊಂಡಿತು. ವಿಡಿಯೊದವನ ಲೈಟಿನ ಕೊಡೆ ಮಗುಚಿ ಅವನನ್ನೇ ಎಳೆದುಕೊಂಡು ಬಾಗಿಲ ತನಕ ಹೋಯಿತು. ಜನ ಅಕ್ಷತೆ ಎರಚಿದರು, ಅದು ತಿರುಗಿ ಅವರ ಮುಖಕ್ಕೇ ಬಂತು. ಮೂರು ಗಂಟಿನ ಹೊತ್ತು ಮುಗಿಯಿತಲ್ಲ ಎಂದು ಪಿಳ್ಳಪ್ಪ ನಿಲ್ಲಿಸಲು ನೋಡಿದ, ಆಗಲಿಲ್ಲ! ಊದಿದಷ್ಟೂ ಚಕ್ರ ತಿರುಗುತ್ತದೆ, ತಿರುಗಿದಷ್ಟೂ ಗಾಳಿ ನುಗ್ಗುತ್ತದೆ, ನುಗ್ಗಿದ ಗಾಳಿಗೆ ಹೊರಗೆ ಹೋಗಲು ನಾಗಸ್ವರ ಬಿಟ್ಟರೆ ದಾರಿಯೇ ಇಲ್ಲ.

“ಲೋ! ನಿಲ್ಸೋ ಅದನ್ನ!” ಎಂದು ಮುನಿರತ್ನಮ್ಮ ತಮ್ಮನ ಕಿವಿಯಲ್ಲಿ ಕೂಗಿದಳು.

“ಹೆಚ್ಚಾದ ಗಾಳಿ ಹೊರಕ್ಕೆ ಬಿಡೋಕೆ ಕಾರಲ್ಲಿ ಒಂದು ಕಿಂಡಿ ಇರ್ತದಕ್ಕಾ! ಅದನ್ನ ಇಡೋದೇ ಮರೆತೆ!” ಗಂಗುಲಪ್ಪ ಪೈಪು ಕೀಳಲು ಹೋದ. ತಂತಿ ಬಿಗಿಯಾಗಿತ್ತು. ಮೊದಲ ಬಾರಿಗೆ ಅವನ ಕೆಲಸ ಗಟ್ಟಿಯಾಗಿತ್ತು.

ಗಟ್ಟಿಮೇಳ ನಡೆಯುತ್ತಿರುವಾಗ ಅಕ್ಷತೆ ನಿಲ್ಲಿಸುವುದುಂಟೇ? ಅಕ್ಷತೆ ಮುಗಿಯಿತು, ಹೆಂಗಸರು ಅನ್ನಕ್ಕೆ ತೊಳೆದಿಟ್ಟ ಅಕ್ಕಿಯನ್ನೇ ತಂದು ಎರಚಿದರು. ಮದುಮಗನಂತೂ ಶಾಸ್ತ್ರಿಗಳ ಮಾತಿಗೆ ತಪ್ಪದೆ ಗಂಟಿನ ಮೇಲೆ ಗಂಟು ಹಾಕುತ್ತಲೇ ಇದ್ದ.

ಮುನಿರತ್ನಮ್ಮ ಅಡುಗೆಮನೆಗೆ ಓಡಿದಳು. ಸಾರಿಗೆಂದು ಇಟ್ಟಿದ್ದ ಹುಣಸೆಹಣ್ಣಿನ ದೊಡ್ಡ ಉಂಡೆಯನ್ನು ತಂದು, ಗಂಡನ ಮುಂದೆ ನಿಂತು, ಕಣ್ಣು ಮುಚ್ಚಿ ಲೊಟ್ಟೆ ಹೊಡೆಯುತ್ತಾ ಚೀಪತೊಡಗಿದಳು. ನಾಗಸ್ವರದವರಿಗೆ ಇದಕ್ಕಿಂತ ದೊಡ್ಡ ಶತ್ರುವಿಲ್ಲ! ಪಿಳ್ಳಪ್ಪನ ಬಾಯಲ್ಲಿ ನೀರೂರಿತು, ನಾಗಸ್ವರದ ಬಾಯಲ್ಲಿನ ಪೀಪಿ ನೆನೆಯಿತು, “ಪೊಯ್ಯ್” ಎಂದು ಸದ್ದು ಸತ್ತಿತು. ಚಕ್ರವೂ ನಿಂತಿತು.

ಹೆಣ್ಣಿನ ಅಜ್ಜಿ ಎದ್ದು ಬಂದು ಮೊಮ್ಮಗಳ ಕೊರಳು ತಡವಿ ಗಂಟುಗಳನ್ನು ಎಣಿಸಿದಳು. ಹದಿನೇಳು!

“ಒಂದು ಸೀನಿಗೆ ಹದಿನೇಳು ಗಂಟು. ಇನ್ನು ಇದನ್ನ ಯಾವ ಅಪಶಕುನಾನೂ ಬಿಚ್ಚೋಕಾಗಲ್ಲ. ಎಲೆ ಹಾಕ್ರಪ್ಪಾ!” ಎಂದಳು.

ಎಲ್ಲರೂ ನಕ್ಕರು, ಪಿಳ್ಳಪ್ಪ ನಗಲಿಲ್ಲ. ಮೂಗಿನ ಚಿಪ್ಪು ಬಿಚ್ಚಿಸಿಕೊಂಡು ಶಾಸ್ತ್ರಿಗಳ ಮುಂದೆ ಕೈಮುಗಿದ. “ತಪ್ಪಾಯ್ತು ಸ್ವಾಮಿ. ಉಸಿರು ಸಾಲ್ತಿಲ್ಲ ಅಂತ ಈ ಕೆಲಸ ಮಾಡ್ದೆ. ವಯಸ್ಸಾಯ್ತು.”

ಶಾಸ್ತ್ರಿಗಳು ಫ್ಯಾನಿನಲ್ಲಿದ್ದ ಶಲ್ಯವನ್ನೇ ನೋಡುತ್ತಾ ಹೇಳಿದರು. “ಪಿಳ್ಳಪ್ಪಾ, ನನಗೆ ಬೇಕಾದ್ದು ಮೂರು ಗಂಟಿನ ಉಸಿರು. ನಿನ್ನ ಹತ್ರ ಇದೆಯೋ ಇಲ್ವೋ?”

“ಅಷ್ಟು... ಇದೆ ಸ್ವಾಮಿ.”

“ಹಂಗಾದ್ರೆ ಬರೋ ಶುಕ್ರವಾರ ಬೆಟ್ಟದ ಮೇಲೆ ಮದುವೆ. ಬೆರಳೆತ್ತಿದ ತಕ್ಷಣ ಬಂದ್ರೆ ಸಾಕು. ಇರೋ ಉಸಿರಲ್ಲೇ ಬಾ.”

ಪಿಳ್ಳಪ್ಪನ ಎದೆ ಹಗುರಾಯಿತು. ಮರುದಿನವೇ ಹೋಗಿ ಮಾಮೂಲಿ ಎಂಜಿನ್ನಿನ ಕಾರನ್ನು ಆರಿಸಿದ. “ಈಗಿನ ಟರ್ಬೊದಲ್ಲಿ ಆ ತಡ ಗೊತ್ತೇ ಆಗಲ್ಲ ಯಜಮಾನ್ರೇ!” ಎಂದು ಶೋರೂಮಿನವನು ಗೋಗರೆದರೂ ಕೇಳಲಿಲ್ಲ.

ಶುಕ್ರವಾರ ನಾಲ್ಕು ಜನರನ್ನೂ ಡೋಲನ್ನೂ ಹೊತ್ತ ಕಾರು ಬೆಟ್ಟದ ತಿರುವುಗಳಲ್ಲಿ ಏದುಸಿರು ಬಿಡುತ್ತಾ ಹತ್ತುತ್ತಿತ್ತು. ಎಮ್ಮೆಯೊಂದು ಪಕ್ಕದಲ್ಲೇ ದಾಟಿ ಮುಂದೆ ಹೋಯಿತು. ಚೌಡಪ್ಪನಿಗೆ ತಡೆಯಲಾಗಲಿಲ್ಲ. “ಟರ್ಬೊ ತಗೊಂಡಿದ್ರೆ ಇಷ್ಟೊತ್ತಿಗೆ ಮೇಲಿರ್ತಿದ್ವಿ ಅಣ್ಣಾ! ಮುಹೂರ್ತ ಮೀರ್ತದೆ!”

ಪಿಳ್ಳಪ್ಪ ಗೇರ್ ಇಳಿಸಿದ.

“ಹತ್ತಲಿ ಬಿಡಯ್ಯಾ ಮೆಲ್ಲಗೆ. ನಾವು ಹೋಗಿ ಊದದೆ ಅಲ್ಲಿ ಯಾವನು ತಾಳಿ ಕಟ್ತಾನೆ?”